ಬೇರು ಬಲ್ಲವರೂ ನೋಡದ ಬಳ್ಳಿ

ಮಾಗಳಿ ಬೇರಿನ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದರೆ ಸಾಕು, ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಎರಡು ಪಕ್ಷವಾಗುತ್ತಿದ್ದರು. ಅಜ್ಜಿ, ಅಪ್ಪ, ನಾನು ಒಂದು ಕಡೆ. "ಥೂ, ತಿಗಣೆ ವಾಸನೆ, ಮುಚ್ಚಿ ಆಚೆಗಿಡ್ರೀ ಅದನ್ನ" ಎಂದು ಮೂಗು ಹಿಡಿದುಕೊಳ್ಳುವ ಚಿಕ್ಕಪ್ಪ, ಚಿಕ್ಕಮ್ಮ ಇನ್ನೊಂದು ಕಡೆ. ನಡುವೆ ಯಾರೂ ಇರಲಿಲ್ಲ. ಮಾಗಳಿಯ ವಿಷಯದಲ್ಲಿ ನಡುವಿನ ಜಾಗವೇ ಇಲ್ಲ. ಒಂದೋ ಮೊಸರನ್ನಕ್ಕೆ ಅದೇ ಬೇಕು, ಇಲ್ಲವೋ ಅದಿರುವ ಅಡುಗೆಮನೆಯೇ ಬೇಡ.

ಹಳೆ ಮೈಸೂರಿನ ಕಡೆ ಬೆಳೆದವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಕೆಲವರ ಬಾಯಲ್ಲಿ ಮಾಗಳಿ, ಕೆಲವರ ಬಾಯಲ್ಲಿ ಮಾಕಳಿ. ಚಳಿಗಾಲದಲ್ಲಿ ಬೆಂಗಳೂರಿನ ಗಾಂಧಿಬಜಾರಿನಲ್ಲೋ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಗೋಣಿತಾಟಿನ ಮೇಲೆ ಮಣ್ಣು ಮೆತ್ತಿದ ಕಂದು ಬಣ್ಣದ ಬೇರುಗಳ ರಾಶಿ ಕಾಣುತ್ತದೆ. ಅಜ್ಜಿ ಒಂದೊಂದನ್ನೂ ಉಗುರಿನಿಂದ ಕೆರೆದು, ಮೂಸಿ, ಬಗ್ಗಿಸಿ ನೋಡಿ ಆರಿಸುತ್ತಿದ್ದಳು. ಬಗ್ಗಿದರೆ ಬೇಡ, ಪಟ್ಟನೆ ಮುರಿದರೆ ಬೇಕು. ಮನೆಗೆ ತಂದು ನೀರಿನಲ್ಲಿ ನೆನೆಹಾಕಿ, ಮಣ್ಣು ಹೋಗುವ ತನಕ ತಿಕ್ಕಿ, ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, ಒಳಗಿನ ಕಟ್ಟಿಗೆಯಂಥ ನಾರನ್ನು ಎಳೆದು ಬಿಸಾಡುವುದು ಒಂದು ಇಡೀ ಮಧ್ಯಾಹ್ನದ ಕೆಲಸ. ಉಳಿದ ಬಿಳಿ ತಿರುಳನ್ನು ಸಣ್ಣ ಚೂರು ಮಾಡಿ ತಕ್ಷಣ ಹುಳಿ ಮಜ್ಜಿಗೆಗೆ ಹಾಕಬೇಕು, ತಡಮಾಡಿದರೆ ಕಪ್ಪಾಗುತ್ತದೆ. ಆಮೇಲೆ ಉಪ್ಪು, ಅರಿಶಿನ, ಸಾಸಿವೆ, ಒಣಮೆಣಸಿನ ಪುಡಿ, ಗಟ್ಟಿ ಮೊಸರು, ನಿಂಬೆರಸ. ಕೆಲಸ ಮುಗಿದ ಮೇಲೂ ಎರಡು ದಿನ ಅಜ್ಜಿಯ ಬೆರಳಿಗೆ ಆ ವಾಸನೆ ಅಂಟಿಕೊಂಡಿರುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದ ಅಜ್ಜಿಗೆ ಮಾಗಳಿಯ ಎಲೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಅದು ಗಿಡವೋ ಮರವೋ ಬಳ್ಳಿಯೋ ಎಂದು ನಾನು ಕೇಳಿದಾಗ "ಬೇರು ಕಣೋ" ಅಂದಿದ್ದಳು. ನನ್ನ ಮಟ್ಟಿಗೂ ಅದು ನಲವತ್ತು ದಾಟುವವರೆಗೆ ಬರೀ ಬೇರೇ ಆಗಿತ್ತು. ಮಾರುಕಟ್ಟೆಗೆ ಅದು ಒಂದು ಎಲೆಯನ್ನೂ ಅಂಟಿಸಿಕೊಂಡು ಬರುವುದಿಲ್ಲ.

ಬಳ್ಳಿಯನ್ನು ನಾನು ಮೊದಲು ನೋಡಿದ್ದು ಮಾಗಡಿ ತಾಲ್ಲೂಕಿನ ಸಾವನದುರ್ಗದ ಬುಡದಲ್ಲಿ, ಜೂನ್ ತಿಂಗಳಲ್ಲಿ. ಜೊತೆಗಿದ್ದವರು ಪಕ್ಕದ ಹಳ್ಳಿಯ, ಮೇಕೆ ಮೇಯಿಸುವ ಹಿರಿಯರೊಬ್ಬರು. "ಯಜಮಾನ್ರೇ, ಇಲ್ಲಿ ಮಾಗಳಿ ಇದೆಯಾ?" ಎಂದು ಸುಮ್ಮನೆ ಕೇಳಿದ್ದೆ. ಅವರು ನಕ್ಕು, ನಾನು ಆಗಷ್ಟೇ ಕೈಯೂರಿ ಹತ್ತಿಬಂದ ಬಂಡೆಯ ಬಿರುಕು ತೋರಿಸಿದರು. "ಅಗೋ, ಅದ್ನೇ ಹಿಡ್ಕಂಡು ಹತ್ತುದ್ರಲ್ಲ ಸಾಮಿ. ಎಲೆ ಕಿತ್ತು ಮೂಸಿ ನೋಡಿ, ಏನೂ ಇಲ್ಲ. ಅದ್ರ ವಾಸ್ನೆ ಎಲ್ಲಾ ಮಣ್ಣೊಳ್ಗೇ."

ಕಿತ್ತು ಮೂಸಿದೆ. ಬರೀ ಹಸಿರೆಲೆಯ ವಾಸನೆ. ಕಿತ್ತ ಕಡೆ ಎಕ್ಕದ ಹಾಗೆ ಹಾಲು ಜಿನುಗಿತು. ಎಲೆಗಳು ಎದುರುಬದುರು, ಜೋಡಿ ಜೋಡಿ, ತುದಿ ದುಂಡಗೆ, ಮೇಲ್ಮೈ ನುಣುಪು. ಎಳೆಯ ಕುಡಿ ಹಸಿರು, ಹಳೆಯ ಕಾಂಡ ಕಂದು, ನಡುನಡುವೆ ಉಬ್ಬಿದ ಗಿಣ್ಣು. ಹಾಗಲಕ್ಕೋ ದ್ರಾಕ್ಷಿಗೋ ಇರುವಂಥ ಹಿಡಿಬಳ್ಳಿ ಇದಕ್ಕಿಲ್ಲ. ಮೈಯನ್ನೇ ಪಕ್ಕದ ಪೊದೆಗೆ ಸುತ್ತಿಕೊಂಡು ಮೇಲೆ ಹೋಗುತ್ತದೆ, ಪೊದೆ ಇಲ್ಲದ ಕಡೆ ಬಂಡೆಯ ಮೇಲೆ ಜೋತುಬೀಳುತ್ತದೆ. ನೋಡಲು ಏನೂ ವಿಶೇಷವಿಲ್ಲ. ಅಂಥ ಹತ್ತು ಬಳ್ಳಿ ದಾಟಿ ಹೋದರೂ ತಿರುಗಿ ನೋಡಬೇಕೆನಿಸದು.

ಅದು ಇರುವ ಜಾಗವೇ ಸ್ವಾರಸ್ಯ. ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲೆ. ಮಳೆ ಬಂದಾಗ ನೀರು ಬಂಡೆಯ ಮೇಲೆ ಜಾರಿ ಓಡಿಹೋಗುತ್ತದೆ, ಬಿಸಿಲು ಬಿದ್ದರೆ ಅದೇ ಬಂಡೆ ಕಾವಲಿ. ಬಿರುಕಿನೊಳಗೆ ಇರುವುದು ನಾಲ್ಕು ಹಿಡಿ ಮಣ್ಣು. ಅಂಥಲ್ಲಿ ಬದುಕುವ ಗಿಡಕ್ಕೆ ಎರಡು ದಾರಿ. ಪಾಪಸುಕಳ್ಳಿಯಂತೆ ಎಲೆಯ ಸಹವಾಸವನ್ನೇ ಬಿಟ್ಟು ಮೈತುಂಬ ನೀರು ಇಟ್ಟುಕೊಳ್ಳುವುದು ಒಂದು. ಮಳೆಯ ನಾಲ್ಕಾರು ತಿಂಗಳು ಧಾರಾಳವಾಗಿ ಎಲೆ ಬಿಟ್ಟು, ದುಡಿದದ್ದನ್ನೆಲ್ಲ ನೆಲದೊಳಗೆ ಬಚ್ಚಿಟ್ಟು, ಒಣಗಾಲಕ್ಕೆ ಎಲೆ ಉದುರಿಸಿ ಮಲಗಿಬಿಡುವುದು ಇನ್ನೊಂದು. ಮಾಗಳಿ ಎರಡನೆಯ ಪಂಗಡದ್ದು. ಬೇರಾದರೋ ಒಂದಲ್ಲ, ಒಂದು ಗೊಂಚಲು. ಹೆಬ್ಬೆರಳಿನಿಂದ ಮುಂಗೈ ಗಾತ್ರದವರೆಗಿನ, ರಸ ತುಂಬಿದ, ಉದ್ದುದ್ದ ಗೆಡ್ಡೆಗಳು ಬಳ್ಳಿಯ ಬುಡದಿಂದ ಬಿರುಕು ಹೋದ ಕಡೆ ಹೋಗಿರುತ್ತವೆ.

ಬೇಸಿಗೆಯ ಕೊನೆಗೆ ಎರಡು ಮಳೆ ಬಿದ್ದರೆ ಸತ್ತಂತಿದ್ದ ಕಾಂಡದ ಗಿಣ್ಣಿನಲ್ಲಿ ಚಿಗುರು ಒಡೆಯುತ್ತದೆ. ಈ ಚಿಗುರಿಗೆ ಬೇಕಾದ ಬಂಡವಾಳ ಹೊಸ ಮಳೆಯಿಂದ ಬಂದದ್ದಲ್ಲ. ಹೋದ ವರ್ಷದ ಗೆಡ್ಡೆಯಿಂದ ತೆಗೆದದ್ದು. ಎಲೆ ಬಲಿತು ಬಿಸಿಲಿಗೆ ಅಡುಗೆ ಶುರುಮಾಡುವ ತನಕ ಮನೆ ನಡೆಯುವುದು ಹಳೆಯ ದಾಸ್ತಾನಿನಲ್ಲೇ. ಆಮೇಲೆ ಸಾಲ ತೀರಿಸುವ ಕೆಲಸ. ಮಳೆಗಾಲ ಪೂರ್ತಿ ಎಲೆ ದುಡಿಯುತ್ತದೆ, ಗೆಡ್ಡೆ ತುಂಬುತ್ತದೆ. ಚಳಿ ಬಂದು ನೆಲ ಒಣಗತೊಡಗಿದಾಗ ಎಲೆ ಹಳದಿಯಾಗಿ ಉದುರುತ್ತದೆ. ಉದುರುವ ಮೊದಲು ಎಲೆಯಲ್ಲಿ ಉಳಿದ ಸಾರವೂ ಕೆಳಗೆ ಇಳಿದಿರುತ್ತದೆ. ಅಂದರೆ ಗೆಡ್ಡೆ ಅತಿ ಹೆಚ್ಚು ತುಂಬಿಕೊಂಡಿರುವುದು ಚಳಿಗಾಲದಲ್ಲಿ. ಗಾಂಧಿಬಜಾರಿನ ಗೋಣಿತಾಟಿನ ಮೇಲೆ ರಾಶಿ ಬೀಳುವುದೂ ಆಗಲೇ. ಬಳ್ಳಿ ವರ್ಷದ ಗಂಟು ಕಟ್ಟಿ ಮುಗಿಸುವುದಕ್ಕೂ ನಾವು ಗುದ್ದಲಿ ಹಿಡಿದು ಹೋಗುವುದಕ್ಕೂ ಲೆಕ್ಕ ಸರಿಹೋಗುತ್ತದೆ.

ಹೂವು ನೋಡುವ ಭಾಗ್ಯ ನನಗೆ ಆ ಸಲ ಸಿಗಲಿಲ್ಲ, ಮುಂದಿನ ವರ್ಷ ಸಿಕ್ಕಿತು. ಮಾಸಲು ಹಳದಿಯ, ಕಣ್ಣಿಗೆ ಬೀಳದಷ್ಟು ಚಿಕ್ಕ ಹೂಗಳ ಗೊಂಚಲು. ಭೂತಗನ್ನಡಿ ಹಿಡಿದರೆ ಮಾತ್ರ ಅದರ ಕೈಚಳಕ ತಿಳಿಯುತ್ತದೆ. ಮಾಗಳಿ, ಎಕ್ಕ, ಕಣಗಿಲೆ, ನಂದಿಬಟ್ಟಲು ಎಲ್ಲ ಒಂದೇ ದೊಡ್ಡ ಕುಟುಂಬದವು. ಎಕ್ಕ ತನ್ನ ಪರಾಗವನ್ನು ಮೇಣದ ಜೋಡಿ ಚೀಲದಲ್ಲಿ ಕಟ್ಟಿ ಕೀಟದ ಕಾಲಿಗೆ ಕ್ಲಿಪ್ಪಿನಂತೆ ಸಿಕ್ಕಿಸುತ್ತದೆ. ಮಾಗಳಿಯ ಉಪಕುಟುಂಬದವು ಅಷ್ಟು ದೂರ ಹೋಗಿಲ್ಲ. ಅವುಗಳ ಹೂವಿನಲ್ಲಿರುವುದು ಪುಟ್ಟ ಚಮಚಗಳು. ಪರಾಗ ನಾಲ್ಕು ನಾಲ್ಕರ ಗುಂಪಾಗಿ ಚಮಚದ ಬಟ್ಟಲಿಗೆ ಉದುರುತ್ತದೆ, ಹಿಡಿಕೆಯ ತುದಿಯಲ್ಲಿ ಅಂಟು. ಬಂದ ಕೀಟಕ್ಕೆ ಅಂಟು ತಗುಲಿ ಚಮಚ ಸಮೇತ ಪರಾಗ ಸವಾರಿ ಹೊರಡುತ್ತದೆ. ಉಪ್ಪಿನಕಾಯಿ ಆಗಲಿರುವ ಬಳ್ಳಿ ಚಮಚವನ್ನೂ ತಾನೇ ತಯಾರಿಸಿಕೊಂಡಿದೆಯಲ್ಲ ಎಂದು ಆ ಹೊತ್ತಿಗೆ ನನಗೆ ನಗು ಬಂತು. ಕಾಯಿ ಎರಡು ಕೊಂಬಿನಂತೆ ಜೋಡಿಯಾಗಿ ಬಲಿತು, ಒಣಗಿ ಬಾಯಿ ಬಿಡುತ್ತದೆ. ಬೀಜಕ್ಕೆ ಎಕ್ಕದ ಬೀಜದಂತೆಯೇ ರೇಷ್ಮೆಯ ಜುಟ್ಟು. ಗಾಳಿ ಅದನ್ನು ಎಲ್ಲೋ ಇನ್ನೊಂದು ಬಿರುಕಿಗೆ ತಳ್ಳಬೇಕು.

ಮದರಾಸಿನಲ್ಲಿ ವೈದ್ಯನಾಗಿದ್ದ ಸ್ಕಾಟ್‌ಲೆಂಡಿನ ರಾಬರ್ಟ್ ವೈಟ್ ಮತ್ತು ಅವನ ಸಹೋದ್ಯೋಗಿ ವಾಕರ್ ಆರ್ನಾಟ್ ಸೇರಿ 1834ರಲ್ಲಿ ಇದಕ್ಕೆ ಡೆಕಾಲೆಪಿಸ್ ಹ್ಯಾಮಿಲ್ಟೋನಿ ಎಂದು ಹೆಸರಿಟ್ಟರು. ಡೆಕಾಲೆಪಿಸ್ ಎಂದರೆ ಗ್ರೀಕಿನಲ್ಲಿ ಹತ್ತು ಹುರುಪೆ. ತೆಲುಗಿನಲ್ಲಿ ಇದು ಮಾರೇಡು ಕೊಮ್ಮುಲು, ನಾವು ಅರಿಶಿನದ ಕೊಂಬು ಎನ್ನುತ್ತೇವಲ್ಲ, ಅದೇ ಕೊಮ್ಮು. ತಮಿಳಿನಲ್ಲಿ ಮಾಹಾಳಿ ಕಿಳಂಗು. ಕೇರಳದ ಅಗಸ್ತ್ಯಮಲೆಯಲ್ಲಿ ಕಾಣಿ ಜನರು ಅಮೃತಪಾಲ ಎಂದು ಕರೆಯುವ ಸೋದರ ಬಳ್ಳಿಯೊಂದಿದೆ. 1978ರಲ್ಲಿ ಅದನ್ನು ವಿವರಿಸಿದವರು ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಗೌರವಾರ್ಥ ಜಾನಕಿಯಾ ಎಂಬ ಹೊಸ ಕುಲವನ್ನೇ ಮಾಡಿದ್ದರು. ಆಮೇಲೆ ಬಂದ ಪಂಡಿತರು ಅದೂ ಡೆಕಾಲೆಪಿಸ್ಸೇ ಎಂದು ತೀರ್ಮಾನಿಸಿದ್ದರಿಂದ ಆ ಹೆಸರು ಹೋಯಿತು. ಶಾಸ್ತ್ರಕ್ಕೆ ಸರಿಯೇ ಇರಬಹುದು, ನನಗೆ ಮಾತ್ರ ಬೇಸರವಾಯಿತು.

ಇನ್ನು ಆ ವಾಸನೆ. ಎರಡು ಪಕ್ಷಗಳ ಜಗಳಕ್ಕೆ ತೀರ್ಪು ಸಿಕ್ಕಿದ್ದು ರಸಾಯನಶಾಸ್ತ್ರದಲ್ಲಿ. ಐಸ್‌ಕ್ರೀಮಿನ ವೆನಿಲಾ ಪರಿಮಳಕ್ಕೆ ಕಾರಣವಾದ ವೆನಿಲಿನ್ ಅಣುವಿನಲ್ಲಿ 8 ಇಂಗಾಲ, 8 ಜಲಜನಕ, 3 ಆಮ್ಲಜನಕ ಪರಮಾಣುಗಳಿವೆ. ಮಾಗಳಿಯ ಪರಿಮಳದ ಮುಖ್ಯ ಅಣುವಿನಲ್ಲೂ ಇವೇ, ಇಷ್ಟೇ. ಆರು ಮೂಲೆಯ ಉಂಗುರದ ಮೇಲೆ ಕೂತ ಮೂರು ಗುಂಪುಗಳು ಮಾತ್ರ ಪಂಕ್ತಿಯಲ್ಲಿ ಎಲೆ ಬದಲಿಸಿ ಕೂತಿವೆ. ಹಾಗಾಗಿ ನಮ್ಮ ಪಕ್ಷದವರು ಇದರಲ್ಲಿ ವೆನಿಲಾದ ಅಣ್ಣತಮ್ಮನನ್ನು ಮೂಸಿದ್ದು ನಿಜ. ಆದರೆ ಚಿಕ್ಕಪ್ಪನ ಮೂಗೂ ಪೂರ್ತಿ ಸುಳ್ಳು ಹೇಳಿರಲಿಲ್ಲ. ಈ ಅಣು ಆಲ್ಡಿಹೈಡ್ ಜಾತಿಯದು. ತಿಗಣೆ ಹೊಸಕಿದಾಗ ಮೂಗಿಗೆ ಅಡರುವುದೂ ಆಲ್ಡಿಹೈಡ್‌ಗಳೇ, ಬೇರೆ ಕವಲಿನವು ಅಷ್ಟೆ. ಕೊತ್ತಂಬರಿ ಸೊಪ್ಪು ತಿಗಣೆ ವಾಸನೆ ಎನ್ನುವವರೂ ಇದ್ದಾರಲ್ಲ, ಅವರ ದೂರಿಗೂ ಆಲ್ಡಿಹೈಡೇ ಕಾರಣ.

ಬಳ್ಳಿ ಈ ಅಣುವನ್ನು ನಮ್ಮ ಮೊಸರನ್ನಕ್ಕೆಂದು ತಯಾರಿಸಿದ್ದಲ್ಲ. ವರ್ಷಗಟ್ಟಲೆ ಮಣ್ಣಿನೊಳಗೆ ಕೂಡಿಟ್ಟ ಗಂಟನ್ನು ಹುಳು, ಬೂಷ್ಟು ಮುಟ್ಟದಂತೆ ಕಾಯಬೇಕು. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಈ ಬೇರಿನ ಸಾರವನ್ನು ದಾಸ್ತಾನು ಧಾನ್ಯಕ್ಕೆ ಬೀಳುವ ಹುಳುಗಳ ಮೇಲೆ ಪ್ರಯೋಗಿಸಿ, ಅದು ಅವನ್ನು ಕೊಲ್ಲುತ್ತದೆಂದು ತೋರಿಸಿದ್ದಾರೆ. ಅಕ್ಕಿ ಡಬ್ಬಿಯ ಹುಳುವನ್ನು ಓಡಿಸಬಲ್ಲ ಪದಾರ್ಥ ಬಂಡೆಯ ಬಿರುಕಿನಲ್ಲಿ ಕಾವಲು ಕೂತಿದೆ. ಇಷ್ಟು ಭದ್ರ ಮಾಡಿಕೊಂಡ ಬಳ್ಳಿಗೆ ಗುದ್ದಲಿಯ ವಿರುದ್ಧ ಏನೂ ಇಲ್ಲ. ಹುಳುವನ್ನು ದೂರ ಇಡಲು ಮಾಡಿಕೊಂಡ ವಾಸನೆಯೇ ನಮ್ಮನ್ನು ಹತ್ತಿರ ಕರೆಯಿತು.

ಉಪ್ಪಿನಕಾಯಿಯೊಂದೇ ಆಗಿದ್ದರೆ ಬಹುಶಃ ಬಳ್ಳಿ ತಡೆದುಕೊಳ್ಳುತ್ತಿತ್ತು. ಎಷ್ಟಾದರೂ ನಮ್ಮಲ್ಲಿ ಅರ್ಧ ಜನ ಮೂಗು ಮುಚ್ಚಿಕೊಳ್ಳುವವರು. ದೊಡ್ಡ ಹೊಡೆತ ಬಂದಿರುವುದು ಶರಬತ್ತಿನಿಂದ, ಔಷಧಿ ಅಂಗಡಿಯಿಂದ. ಅನಂತಪುರ, ಕಡಪ ಕಡೆ ಬೇಸಿಗೆಯಲ್ಲಿ ಬಸ್ಸಿನಿಂದ ಇಳಿದರೆ ನನ್ನಾರಿ ಸೋಡಾ ಗಾಡಿ ಎದುರಾಗುತ್ತದೆ. ನನ್ನಾರಿ ಎಂಬ ಹೆಸರು ನಿಜವಾಗಿ ಸಲ್ಲುವುದು ನಾವು ಸೊಗದೆ ಬೇರು, ನಾಮದ ಬೇರು ಎನ್ನುವ ಇನ್ನೊಂದು ಬಳ್ಳಿಗೆ. ಆಯುರ್ವೇದದ ಸಾರಿವಾ ಕೂಡ ಅದೇ. ಮಾಗಳಿಗೆ ಹತ್ತಿರದ ನಂಟೇ, ವಾಸನೆಯೂ ಅದೇ ಜಾಡಿನದು. ಆದರೆ ಸೊಗದೆಯ ಬೇರು ತಂತಿಯಷ್ಟು ಸಪೂರ, ಒಂದು ಕೆಜಿ ಕೂಡಿಸಬೇಕಾದರೆ ಸೊಂಟ ಮುರಿಯುತ್ತದೆ. ಮಾಗಳಿಯಾದರೆ ಒಂದು ಬುಡ ಕಿತ್ತರೆ ಕೆಜಿಗಟ್ಟಲೆ. ಹಾಗಾಗಿ ಸೊಗದೆ ಹೆಸರಿನಲ್ಲಿ ಮಾಗಳಿ ಮಾರಾಟವಾಗುವುದು ಹಳೆಯ ಪದ್ಧತಿ. ಕುಡಿಯುವವರಿಗೂ ತಿಳಿಯದು, ಕಷಾಯ ಕಾಸುವವರಿಗೂ ತಿಳಿಯದು. ಉಪ್ಪಿನಕಾಯಿ ತಿನ್ನುವ ನಾವಾದರೂ ಅದನ್ನು ಅದರ ಹೆಸರಿನಿಂದಲೇ ಕರೆಯುತ್ತೇವೆ ಎಂಬುದಷ್ಟೇ ನಮ್ಮ ಹೆಚ್ಚುಗಾರಿಕೆ.

ಸೊಪ್ಪು ಕಿತ್ತರೆ ಚಿಗುರುತ್ತದೆ, ಕಾಯಿ ಕಿತ್ತರೆ ಮುಂದಿನ ವರ್ಷ ಬಿಡುತ್ತದೆ. ಬೇರಿನ ವ್ಯವಹಾರ ಹಾಗಲ್ಲ. ಕೀಳುವವನಿಗೆ ದಪ್ಪ ಬೇರು ಬೇಕು, ಏಕೆಂದರೆ ಕೊಳ್ಳುವ ನಮಗೆ ದಪ್ಪದ್ದೇ ಬೇಕು, ಸಣ್ಣದರಲ್ಲಿ ನಾರು ತೆಗೆದರೆ ತಿರುಳೇ ಉಳಿಯುವುದಿಲ್ಲ. ದಪ್ಪ ಬೇರೆಂದರೆ ವಯಸ್ಸಾದ ಬಳ್ಳಿ, ಅಂದರೆ ಹೂ ಬಿಟ್ಟು ಬೀಜ ಚೆಲ್ಲುವ ಬಳ್ಳಿ. ಅದನ್ನು ಬುಡಸಮೇತ ಕಿತ್ತರೆ ಆ ಬಿರುಕಿಗೆ ಬೀಜ ಕೊಡುವವರೂ ಹೋದಂತೆ. ಕಾಡುಗೆಣಸು ಅಗೆಯುವ ಗಿರಿಜನರು ಗೆಡ್ಡೆ ತೆಗೆದು ಬಳ್ಳಿಯ ತಲೆಯನ್ನು ಮತ್ತೆ ಗುಂಡಿಗಿಟ್ಟು ಮಣ್ಣು ಮುಚ್ಚುತ್ತಾರೆ. ಮಾಗಳಿಯಲ್ಲೂ ಬುಡ ಉಳಿಸಿ ಒಂದೆರಡು ಬೇರಷ್ಟೇ ತೆಗೆದರೆ ಬಳ್ಳಿ ಬದುಕಿಕೊಳ್ಳುತ್ತದೆ. ಆದರೆ ಕತ್ತಲಾಗುವುದರೊಳಗೆ ಚೀಲ ತುಂಬಿಸಿ ಇಳಿಯಬೇಕಾದವನಿಗೆ, ಈ ಬಳ್ಳಿ ಮುಂದಿನ ವರ್ಷ ತನಗೇ ಸಿಗುತ್ತದೆಂಬ ಖಾತ್ರಿ ಇಲ್ಲದವನಿಗೆ, ಬುಡ ಉಳಿಸು ಎಂದು ಹೇಳುವುದು ಹೇಗೆ?

ಬಿಳಿಗಿರಿರಂಗನ ಬೆಟ್ಟದಲ್ಲಿ ಈ ಪ್ರಶ್ನೆ ಎರಡೂ ಕಡೆಯಿಂದ ಎದ್ದಿದೆ. ಅಲ್ಲಿನ ಸೋಲಿಗರು ಜೇನು, ನೆಲ್ಲಿಕಾಯಿ, ಕಲ್ಲುಹೂವಿನ ಜೊತೆಗೆ ಮಾಕಳಿ ಬೇರನ್ನೂ ತಂದು ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದು, ಕೆಲವೇ ವರ್ಷಗಳಲ್ಲಿ ಮಾರಾಟಕ್ಕೆ ಸಂಗ್ರಹಿಸುವುದಕ್ಕೆ ತಡೆ ಬಿತ್ತು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಕಾಡನ್ನು ನೋಡಿಕೊಳ್ಳುವ ಹೊಣೆ ಮತ್ತು ಅದರಿಂದ ಬದುಕುವ ಹಕ್ಕು ಒಂದೇ ಕೈಯಲ್ಲಿದ್ದರೆ ಮಾತ್ರ ಬೇರು ಅಗೆಯುವಾಗ ಬುಡ ಬಿಡುವ ಮಾತಿಗೆ ಅರ್ಥ ಬರುತ್ತದೆ ಎಂಬುದು ನನ್ನ ಲೆಕ್ಕ. ತಡೆಯೊಂದೇ ಇದ್ದರೆ ರಾತ್ರಿ ಬಂದು ಅಗೆಯುವವನಿಗೆ ಅನುಕೂಲ. ಐಯುಸಿಎನ್ ಕೆಂಪುಪಟ್ಟಿ ಇಂದು ಮಾಗಳಿಯನ್ನು ಅಳಿವಿನಂಚಿನ ಸಸ್ಯವೆಂದು ಗುರುತಿಸಿದೆ. ನಮ್ಮ ಊಟದೆಲೆಯ ಮೇಲೆ ಬೀಳುವ ಬೇರೆ ಯಾವ ಪದಾರ್ಥಕ್ಕೆ ಈ ಪಟ್ಟ ಸಿಕ್ಕಿದೆ ಎಂದು ಯೋಚಿಸಿ ನೋಡಿದೆ, ನನಗೆ ಹೊಳೆಯಲಿಲ್ಲ.

ಬೆಳೆದುಕೊಳ್ಳಲು ಆಗುವುದಿಲ್ಲವೇ? ಆಗುತ್ತದೆ. ಬೀಜದಿಂದಲೂ ಸಸಿಯಾಗುತ್ತದೆ, ಸಿಎಫ್‌ಟಿಆರ್‌ಐಯ ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದಲೂ ಮಾಡಿದ್ದಾರೆ. ತೊಡಕಿರುವುದು ಬಳ್ಳಿಯ ಸ್ವಭಾವದಲ್ಲಿ. ವರ್ಷದಲ್ಲಿ ನಾಲ್ಕಾರು ತಿಂಗಳಷ್ಟೇ ದುಡಿಯುವ ಗಿಡದ ಗೆಡ್ಡೆ ಅಂಗಡಿಗೆ ಬೇಕಾದ ದಪ್ಪಕ್ಕೆ ಬರಲು ವರ್ಷಗಳು ಬೇಕು. ಮೂರು ತಿಂಗಳಿಗೆ ಟೊಮೆಟೊ ಕೀಳುವ ರೈತನನ್ನು ಇದಕ್ಕೆ ಒಪ್ಪಿಸುವುದು ಸುಲಭವಲ್ಲ, ಅದರಲ್ಲೂ ಕಾಡಿನ ಬೇರು ಪುಕ್ಕಟೆ ಸಿಗುತ್ತಿರುವಾಗ.

ನಾನೂ ಒಂದು ಸಸಿ ತಂದೆ. ನರ್ಸರಿಯವರು ಬಿಸಿಲಿನಲ್ಲಿಡಿ ಎಂದಷ್ಟೇ ಹೇಳಿದ್ದರು. ಮಳೆಗಾಲ ಪೂರ್ತಿ ಚೆನ್ನಾಗಿ ಹಬ್ಬಿ ಬಾಲ್ಕನಿಯ ಸರಳು ಸುತ್ತಿತು. ಡಿಸೆಂಬರಿನಲ್ಲಿ ಎಲೆ ಹಳದಿಯಾಯಿತು. ಬಾಯಾರಿರಬೇಕೆಂದು ದಿನಕ್ಕೊಂದು ಚೊಂಬು ನೀರು ಹಾಕಿದೆ. ಎಲ್ಲ ಎಲೆಯೂ ಉದುರಿದ ಮೇಲೆ ಇನ್ನೂ ಗಾಬರಿಯಾಗಿ ಎರಡು ಚೊಂಬು ಹಾಕಿದೆ. ಫೆಬ್ರವರಿಯಲ್ಲಿ ಕಾಂಡ ಅಲ್ಲಾಡಿಸಿದರೆ ಕೈಗೇ ಬಂತು. ಕುಂಡ ಬೋರಲು ಹಾಕಿ ನೋಡಿದರೆ ಗೆಡ್ಡೆ ಅಂಬಲಿಯಾಗಿತ್ತು. ಕೊಳೆತ ನಾತದ ನಡುವೆಯೂ ಅಜ್ಜಿಯ ಬೆರಳಿನ ಆ ವಾಸನೆ ಸಣ್ಣಗೆ ಇತ್ತು. ಎಲೆಯಿಲ್ಲದ ಬಳ್ಳಿ ನೀರು ಕುಡಿಯುವುದಿಲ್ಲ, ಮಲಗಿದವರ ಬಾಯಿಗೆ ನೀರು ಹೊಯ್ಯಬಾರದು ಎಂಬ ಸರಳ ವಿಚಾರ ಅಷ್ಟು ತಡವಾಗಿ ಹೊಳೆಯಿತು.

ಆಮೇಲೆ ಓದುತ್ತಾ ಹೋದಂತೆ ಇದೇ ಕುಟುಂಬದ ಇನ್ನೊಂದು ಗೆಡ್ಡೆ ಬಳ್ಳಿಯ ಕತೆ ಸಿಕ್ಕಿತು. ದಕ್ಷಿಣ ಆಫ್ರಿಕಾದಿಂದ ಹದಿನೆಂಟನೆಯ ಶತಮಾನದಲ್ಲಿ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋದ ಫೋಕಿಯಾ ಎಂಬ ಬಳ್ಳಿ ಅಲ್ಲಿನ ಶೋನ್‌ಬ್ರುನ್ ಅರಮನೆಯ ತೋಟದ ಕುಂಡದಲ್ಲಿ 200 ವರ್ಷ ದಾಟಿ ಬದುಕಿದೆ. ಜಗತ್ತಿನಲ್ಲಿ ಉಳಿದಿರುವುದು ಅದೊಂದೇ ಎಂದು ಬಹುಕಾಲ ನಂಬಿದ್ದರಂತೆ. ಎಷ್ಟು ಸಲ ಎಲೆ ಉದುರಿಸಿ ಎಷ್ಟು ಸಲ ಚಿಗುರಿತೋ. ರಾಜ್ಯ ಹೋಗಿ, ಚಕ್ರವರ್ತಿ ಹೋಗಿ, ಎರಡು ಮಹಾಯುದ್ಧಗಳಾಗಿ, ಕೊನೆಗೂ ಗೆಡ್ಡೆ ಮಾತ್ರ ಇದೆ. ಯಾರೋ ತೋಟದ ಮಾಲಿಗಳು ಸಾಲಾಗಿ ಬಂದು ಚಳಿಗಾಲದಲ್ಲಿ ನೀರು ಹಾಕದೆ ಸುಮ್ಮನಿದ್ದರು.

ಎರಡನೆಯ ಸಸಿಗೆ ಈಗ ಮೂರು ವರ್ಷ. ಈ ಸಲ ಕುಂಡಕ್ಕೆ ಅರ್ಧ ಭಾಗ ಜಲ್ಲಿ, ದಪ್ಪ ಮರಳು, ಉಳಿದದ್ದು ಕೆಮ್ಮಣ್ಣು. ಎಲೆ ಹಳದಿ ತಿರುಗಿದ ದಿನದಿಂದ ನೀರು ಬಂದ್. ಕುಂಡದ ಮೇಲೆ ಸೀಮೆಸುಣ್ಣದಲ್ಲಿ "ನೀರು ಹಾಕಬೇಡಿ" ಎಂದು ಬರೆದಿದ್ದೇನೆ, ಮನೆಗೆಲಸದ ಅಕ್ಕನಿಗೆ ಅದನ್ನು ಕಂಡರೆ ಅಯ್ಯೋ ಪಾಪ. ಬೇರು ಎಷ್ಟು ದಪ್ಪವಾಗಿದೆಯೆಂದು ಕೆದಕಿ ನೋಡುವ ಆಸೆಯನ್ನು ತಡೆದುಕೊಂಡಿದ್ದೇನೆ. ಉಪ್ಪಿನಕಾಯಿ ಹಾಕುವ ಯೋಚನೆಯಂತೂ ಇಲ್ಲ.

ತಿನ್ನುವುದನ್ನು ಬಿಡಿ ಎಂದು ನಾನು ಹೇಳಲಾರೆ, ನಾನೇ ಬಿಟ್ಟಿಲ್ಲ. ಚಳಿಗಾಲದಲ್ಲಿ ಮಾರುಕಟ್ಟೆಗೆ ಹೋದಾಗ ಬೇರಿನ ರಾಶಿಯ ಹಿಂದೆ ಕೂತವರನ್ನು ಒಂದು ಮಾತು ಕೇಳಿ, ಕಾಡಿನದೋ ಬೆಳೆದದ್ದೋ ಎಂದು. ಬೆಳೆದದ್ದಾದರೆ ಹೆಚ್ಚು ದುಡ್ಡಾದರೂ ಕೊಡಿ, ಚೌಕಾಸಿ ಮಾಡಬೇಡಿ. ಎರಡು ಕೆಜಿಯ ಜಾಗದಲ್ಲಿ ಅರ್ಧ ಕೆಜಿ ತನ್ನಿ. ಚೂರುಗಳೆಲ್ಲ ಖರ್ಚಾದ ಮೇಲೂ ಜಾಡಿಯಲ್ಲಿ ಉಳಿಯುವ ಖಾರದ ಮಜ್ಜಿಗೆಯನ್ನು ಚೆಲ್ಲಬೇಡಿ. ಬೇರಿನ ವಾಸನೆಯೆಲ್ಲ ಅದರಲ್ಲಿರುತ್ತದೆ, ಅದಕ್ಕೆ ಎಳೆ ಸೌತೆಕಾಯಿ ಹೆಚ್ಚಿ ಹಾಕಿದರೆ ಇನ್ನೂ ಒಂದು ವಾರದ ಮೊಸರನ್ನಕ್ಕೆ ಸಾಕು.